ಹಗ್ಗ ಎಲ್ಲಿ ಹರಿದಿದೆ, ಮೊದಲು ಅದನ್ನು ನೋಡಿ

ಮರ ಕೊಯ್ಯುವ ಮಿಷಿನ್ನಿನ ಸ್ಟಾರ್ಟರ್ ಹಗ್ಗ ಕಿತ್ತು ಕೈಗೆ ಬಂತು ಅಂದರೆ ಸಾಮಾನ್ಯವಾಗಿ ಆಗುವುದು ಇಷ್ಟೇ. ಹರಿದ ತುಂಡನ್ನು ಬೇಲಿ ಆಚೆ ಎಸೆಯುವುದು, ಮಿಷಿನ್ನನ್ನು ಬೈಕಿನ ಹಿಂದೆ ಕಟ್ಟಿಕೊಂಡು ಪೇಟೆಗೆ ಹೋಗುವುದು, ಹೊಸ ಹಗ್ಗ ಹಾಕಿಸಿಕೊಂಡು ಬರುವುದು. ಕೆಲವೇ ತಿಂಗಳಿಗೆ ಅದೂ ಹರಿಯುತ್ತದೆ. ಆಗ ಹಗ್ಗ ಕೊಟ್ಟವರಿಗೊಂದು ಬೈಗುಳ, ಹಾಕಿಕೊಟ್ಟ ಹುಡುಗನಿಗೊಂದು ಬೈಗುಳ. ಹಗ್ಗ ಯಾಕೆ ಹರಿಯಿತು ಅನ್ನುವುದಕ್ಕೆ ಸಾಕ್ಷಿ ಇದ್ದದ್ದು ಬೇಲಿ ಆಚೆ ಬಿದ್ದ ಆ ತುಂಡಿನಲ್ಲಿ.

ಹಗ್ಗ ತಾನಾಗಿಯೇ ಹರಿಯುವುದು ಕಡಿಮೆ. ಒಳ್ಳೆಯ ನೈಲಾನ್ ಹೆಣಿಗೆಯ ಹಗ್ಗವನ್ನು ನೇರವಾಗಿ ಎಳೆದು, ಹಿಡಿಯನ್ನು ಕೈಯಲ್ಲೇ ಇಟ್ಟುಕೊಂಡು ವಾಪಸ್ ಬಿಡುತ್ತಾ ಬಂದರೆ ಅದು ವರ್ಷಗಟ್ಟಲೆ ಬರುತ್ತದೆ. ಬೇಗ ಹರಿಯಿತು ಅಂದರೆ ಎಲ್ಲೋ ಏನೋ ಅದನ್ನು ತಿನ್ನುತ್ತಿದೆ, ಇಲ್ಲವೇ ಇಂಜಿನ್ನು ಒಂದೆರಡು ಎಳೆತಕ್ಕೆ ಹತ್ತದೆ ಹದಿನೈದು ಇಪ್ಪತ್ತು ಸಲ ಎಳೆಸಿಕೊಳ್ಳುತ್ತಿದೆ. ಆ ಕಾರಣ ಬಿಟ್ಟು ಹಗ್ಗ ಮಾತ್ರ ಬದಲಿಸಿದರೆ ಅರ್ಧ ರಿಪೇರಿ.

ನಮ್ಮ ಕಡೆ ಈ ಮಿಷಿನ್ನಿನ ಕೆಲಸವೂ ಊರಿಗೊಂದು ಥರ. ಚನ್ನಗಿರಿ, ಹೊಳಲ್ಕೆರೆ, ಭೀಮಸಮುದ್ರದ ಅಡಿಕೆ ತೋಟಗಳಲ್ಲಿ ಒಣಗಿದ ಮರ ಕೊಯ್ಯುವುದು ಅಂದರೆ ಒಂದು ಮರಕ್ಕೆ ನಿಮಿಷವೂ ಹಿಡಿಯುವುದಿಲ್ಲ. ಕೊಯ್ಯಬೇಕು, ಆಫ್ ಮಾಡಬೇಕು, ನಾಲ್ಕು ಸಾಲು ದಾಟಬೇಕು, ಮತ್ತೆ ಎಳೆಯಬೇಕು. ಇಂಜಿನ್ ಓಡಿದ್ದು ಒಟ್ಟು ಒಂದು ತಾಸಾದರೆ ಹಗ್ಗ ಎಳೆದದ್ದು ಹತ್ತಾರು ಸಲ. ಹೊಸದುರ್ಗ, ಹಿರಿಯೂರು ಕಡೆ ತೆಂಗಿನ ಮರ ಕೊಯ್ಯುವಾಗ ಎಳೆತ ಕಡಿಮೆ, ಆದರೆ ತೆಂಗಿನ ಬೊಡ್ಡೆಯ ನಾರಿನ ಪುಡಿ ಸ್ಟಾರ್ಟರ್ ಕವರಿನ ಜಾಲರಿಗೆ ಮೆತ್ತಿಕೊಂಡು ಒಳಗೂ ಹೋಗುತ್ತದೆ. ಜಗಳೂರು, ಚಳ್ಳಕೆರೆಯ ಕೆರೆ ಅಂಗಳದಲ್ಲಿ ಬಳ್ಳಾರಿ ಜಾಲಿ ಕಡಿಯುವವರ ಕಷ್ಟವೇ ಬೇರೆ. ಮುಳ್ಳಿನ ಮಧ್ಯೆ ನೆಟ್ಟಗೆ ನಿಂತು ಎಳೆಯಲು ಜಾಗ ಇರುವುದಿಲ್ಲ. ಬಗ್ಗಿ, ಪಕ್ಕಕ್ಕೆ, ಸಿಕ್ಕ ಹಾಗೆ ಎಳೆಯುತ್ತಾರೆ. ಹಗ್ಗ ಸವೆಯುವುದನ್ನು ಇಂಜಿನ್ ಓಡಿದ ಗಂಟೆಯಲ್ಲಿ ಲೆಕ್ಕ ಹಾಕಬಾರದು. ಎಷ್ಟು ಸಲ ಎಳೆದಿರಿ, ಯಾವ ಕೋನದಲ್ಲಿ ಎಳೆದಿರಿ ಅನ್ನುವುದೇ ಲೆಕ್ಕ.

ಈಗ ಆ ತುಂಡನ್ನು ಕೈಗೆ ತಗೊಳ್ಳಿ.

ಹಿಡಿಯ ಪಕ್ಕದಲ್ಲೇ, ನಾಲ್ಕೈದು ಬೆರಳಿನ ಅಂತರದಲ್ಲಿ ಹರಿದಿದ್ದರೆ, ಅದು ಮಿಷಿನ್ ಸುಮ್ಮನಿದ್ದಾಗ ಕವರಿನ ಬುಷ್ (ಹಗ್ಗ ಹೊರಬರುವ ತೂತಿನ ಬಳೆ) ಒಳಗೆ ಕೂತಿರುವ ಭಾಗ. ಇಂಜಿನ್ ಓಡುವಷ್ಟು ಹೊತ್ತೂ ಅಲ್ಲಿ ನಡುಕದಿಂದ ಉಜ್ಜಾಟ ನಡೆಯುತ್ತಲೇ ಇರುತ್ತದೆ. ಹಿಡಿ ಬುಷ್‌ಗೆ ಒತ್ತಿ ಕೂರದೆ ಜೋತುಬಿದ್ದಿದ್ದರೆ ಇನ್ನೂ ಹೆಚ್ಚು. ಅಂದರೆ ಹಗ್ಗವನ್ನು ವಾಪಸ್ ಒಳಗೆಳೆಯುವ ಸ್ಪ್ರಿಂಗಿಗೆ ಬಿಗಿ ಸಾಲದು. ಹೊಸ ಹಗ್ಗ ಹಾಕುವಾಗ ಒಂದು ಸುತ್ತು ಜಾಸ್ತಿ ಕೊಡಬೇಕು ಅಂತ ಆಗಲೇ ಗುರುತು ಹಾಕಿಕೊಳ್ಳಿ.

ಉದ್ದಕ್ಕೂ ಒಂದೇ ಮಗ್ಗುಲಲ್ಲಿ ಜುಂಗು ಎದ್ದಿದ್ದು, ಇನ್ನೊಂದು ಮಗ್ಗುಲು ಹೊಸದರಂತೆ ನುಣ್ಣಗಿದ್ದರೆ, ಓರೆಯಾಗಿ ಎಳೆದದ್ದು ಕಾರಣ. ಆಗ ಬುಷ್ ಒಳಗೆ ಕಿರುಬೆರಳಿನ ಉಗುರು ಆಡಿಸಿ ನೋಡಿ. ಹಗ್ಗ ಉಜ್ಜಿ ಉಜ್ಜಿ ಒಂದು ಕಡೆ ಕಚ್ಚು ಬಿದ್ದಿರುತ್ತದೆ, ಕಚ್ಚಿನ ಅಂಚು ಉಗುರಿಗೆ ತಾಗುತ್ತದೆ. ಕೆಲವು ಮಿಷಿನ್ನಿನಲ್ಲಿ ಬುಷ್ ಎಂದೋ ಉದುರಿಹೋಗಿ, ಹಗ್ಗ ಬರೀ ಪ್ಲಾಸ್ಟಿಕ್ ಕವರಿನ ತೂತಿನಲ್ಲಿ ಓಡಾಡುತ್ತಿರುತ್ತದೆ. ಅಂಥ ಕವರಿಗೆ ಎಂಥ ಹಗ್ಗ ಹಾಕಿದರೂ ಬಾಳಿಕೆ ಬರುವುದಿಲ್ಲ. ಬುಷ್ ಬಿಡಿಯಾಗಿ ಸಿಕ್ಕರೆ ಅದನ್ನು, ಸಿಗದಿದ್ದರೆ ಕವರನ್ನೇ ಬದಲಿಸಿ. ಕಚ್ಚು ಸಣ್ಣದಿದ್ದರೆ 400ರ ನೀರುಕಾಗದವನ್ನು (ನುಣುಪು ಉಪ್ಪುಕಾಗದ) ಸುರುಳಿ ಸುತ್ತಿ ಅಂಚು ನುಣುಪು ಮಾಡಿದರೆ ಸ್ವಲ್ಪ ಕಾಲ ತಳ್ಳಬಹುದು.

ಕವರಿನೊಳಗೆ ಹಗ್ಗ ಸುತ್ತಿಕೊಳ್ಳುವ ಚಕ್ರ, ಅಂದರೆ ಪುಲ್ಲಿಯ ಗಂಟಿನ ಹತ್ತಿರವೇ ಹರಿದಿದ್ದರೆ ಎಳೆಯುವವರ ತೋಳು ಬಲ ಜಾಸ್ತಿ. ಹಗ್ಗ ಮುಗಿಯುವವರೆಗೂ ಎಳೆದು ಕೊನೆಯಲ್ಲಿ ಜಗ್ಗುವ ಅಭ್ಯಾಸ ಅದು. ಇಂಜಿನ್ ಹತ್ತಬೇಕಾದ ಕೆಲಸವೆಲ್ಲ ಎಳೆತದ ಮೊದಲರ್ಧದಲ್ಲೇ ಆಗಿಹೋಗಿರುತ್ತದೆ, ಕೊನೆಯ ಜಗ್ಗಿನಿಂದ ಸಿಗುವುದು ಏನೂ ಇಲ್ಲ. ಆ ಪೆಟ್ಟು ಬೀಳುವುದು ಗಂಟಿಗೆ ಮತ್ತು ಸ್ಪ್ರಿಂಗಿನ ಒಳಕೊಂಡಿಗೆ.

ಹಗ್ಗ ಕರಗಿದಂತೆ ಹೊಳೆಯುತ್ತಾ, ಮುಟ್ಟಿದರೆ ಗಾಜಿನ ಹಾಗೆ ಬಿರುಸಾಗಿದ್ದರೆ ಅದು ತಿರುಗುವ ಯಾವುದಕ್ಕೋ ತಾಗಿ ಕಾದಿದೆ. ಉದ್ದ ಜಾಸ್ತಿಯಾಗಿ ಪುಲ್ಲಿಯ ಗಾಡಿಯಿಂದ (ಹಗ್ಗ ಕೂರುವ ತೋಡು) ಹೊರಗೆ ಉಕ್ಕಿದ್ದರೆ, ಗಂಟಿನ ಬಾಲ ಉದ್ದ ಬಿಟ್ಟು ಅದು ಇಂಜಿನ್ ಜೊತೆ ತಿರುಗುವ ಚಕ್ರದ, ಅಂದರೆ ಫ್ಲೈವೀಲಿನ ರೆಕ್ಕೆಗೆ ತಾಗುತ್ತಿದ್ದರೆ, ಪುಲ್ಲಿಯ ನಡುವಿನ ಸ್ಕ್ರೂ ಸಡಿಲಾಗಿ ಪುಲ್ಲಿ ವಾಲಾಡುತ್ತಿದ್ದರೆ ಹೀಗಾಗುತ್ತದೆ. ಇದು ಹಗ್ಗದ ದೋಷ ಅಲ್ಲವೇ ಅಲ್ಲ, ಹಾಕಿದವರದು.

ಇನ್ನು ಎಲ್ಲ ಕಡೆಯೂ ಸಮನಾಗಿ ತೆಳ್ಳಗಾಗಿ, ಎಣ್ಣೆ ಮಣ್ಣು ಕುಡಿದು ಕಪ್ಪಾಗಿ ಹರಿದಿದ್ದರೆ ಅದರ ಆಯಸ್ಸು ಮುಗಿದಿತ್ತು. ಇದೊಂದಕ್ಕೆ ಮಾತ್ರ ಬರೀ ಹಗ್ಗ ಬದಲಿಸಿದರೆ ಸಾಕು.

ಹಗ್ಗ ಕೊಳ್ಳುವ ವಿಚಾರಕ್ಕೆ ಬರೋಣ. ದಾವಣಗೆರೆಯ ಪಿ.ಬಿ. ರಸ್ತೆಯಾಗಲಿ, ಚಿತ್ರದುರ್ಗದ ಬಿ.ಡಿ. ರಸ್ತೆಯಾಗಲಿ, ಕೃಷಿ ಯಂತ್ರದ ಅಂಗಡಿಯ ಕೌಂಟರಿನಲ್ಲಿ ಮಾತು ಹೀಗೆ ನಡೆಯುತ್ತದೆ:

"ಅಣ್ಣಾ, ಮರ ಕೊಯ್ಯೋ ಮಿಷಿನ್ನಿನ ಹಗ್ಗ ಐತಾ?"

"ಐತೆ. ಎಷ್ಟು ಎಂಎಂ ಕೊಡ್ಲಿ?"

"ಅದೆಲ್ಲ ಗೊತ್ತಿಲ್ಲಣ್ಣ, ಗಟ್ಟಿದ್ ನೋಡಿ ಕೊಡ್ರಿ."

ಗಟ್ಟಿದ್ದು ಅಂದರೆ ದಪ್ಪದ್ದು ಅಂತ ಇಬ್ಬರೂ ಅರ್ಥ ಮಾಡಿಕೊಳ್ಳುತ್ತಾರೆ. ಎಡವಟ್ಟು ಶುರುವಾಗುವುದು ಅಲ್ಲೇ. ಪುಲ್ಲಿಯ ಗಾಡಿಯ ಅಗಲ, ಆಳ ಎರಡೂ ಒಂದು ಅಳತೆಗೆ ಮಾಡಿದ್ದು. ದಪ್ಪ ಹಗ್ಗ ಹಾಕಿದರೆ ಪೂರ್ತಿ ಉದ್ದ ಅದರಲ್ಲಿ ಹಿಡಿಯುವುದಿಲ್ಲ. ಕೊನೆಯ ಸುತ್ತು ಕವರಿಗೆ ಉಜ್ಜುತ್ತದೆ, ಹಿಡಿ ಪೂರ್ತಿ ಒಳಗೆ ಹೋಗದೆ ಒಂದು ಗೇಣು ಜೋತಾಡುತ್ತದೆ. ತೀರ ತೆಳ್ಳಗಿನದು ಹಾಕಿದರೆ ಇನ್ನೊಂದು ತಾಪತ್ರಯ. ಜೋರಾಗಿ ಎಳೆದಾಗ ಮೇಲಿನ ಸುತ್ತು ಕೆಳಗಿನ ಎರಡು ಸುತ್ತಿನ ನಡುವೆ ಇಳಿದು ಕಚ್ಚಿಕೊಳ್ಳುತ್ತದೆ, ಗಂಟು ಪುಲ್ಲಿಯ ತೂತಿನಿಂದ ಜಾರಿ ಬರುತ್ತದೆ.

ಸಾಮಾನ್ಯವಾಗಿ ಸಣ್ಣ ಮಿಷಿನ್ನಿಗೆ 3 ಎಂಎಂ, ಮಧ್ಯಮದ್ದಕ್ಕೆ 3.5, ದೊಡ್ಡದಕ್ಕೆ 4ರಿಂದ 4.5 ಎಂಎಂ ಹಗ್ಗ ಇರುತ್ತದೆ. ಉದ್ದ 80 ಸೆಂಟಿಮೀಟರಿನಿಂದ ಒಂದು ಮೀಟರಿನ ಆಸುಪಾಸು. ನಿಮ್ಮ ಮಿಷಿನ್ನಿನದು ಎಷ್ಟು ಅಂತ ತಿಳಿಯಲು ವರ್ನಿಯರ್ ಬೇಕಿಲ್ಲ. ಹಳೆ ಹಗ್ಗದ ಸವೆಯದ ಭಾಗವನ್ನು, ಅಂದರೆ ಪುಲ್ಲಿ ಕಡೆಯ ತುದಿಯನ್ನು, ಪೆನ್ಸಿಲ್ಲಿಗೆ ಒತ್ತೊತ್ತಾಗಿ ಹತ್ತು ಸುತ್ತು ಸುತ್ತಿ ಸ್ಕೇಲ್ ಇಡಿ. ಹತ್ತು ಸುತ್ತು 35 ಎಂಎಂ ಬಂದರೆ ಹಗ್ಗ ಮೂರೂವರೆ. ಸವೆದ ಭಾಗವನ್ನು ಅಳೆದರೆ ಅರ್ಧ ಎಂಎಂ ಕಡಿಮೆ ತೋರಿಸಿ ಮೋಸ ಮಾಡುತ್ತದೆ. ಉದ್ದಕ್ಕೆ ಹಳೆಯ ಎರಡೂ ತುಂಡನ್ನು ಜೋಡಿಸಿ ಅಳೆದು, ಗಂಟುಗಳಿಗೆ ಅಂತ ಒಂದಿಷ್ಟು ಸೇರಿಸಿ ಕೊಯ್ದುಕೊಳ್ಳಿ. ಆಮೇಲೆ ಕತ್ತರಿಸಬಹುದು, ಸೇರಿಸಲು ಆಗುವುದಿಲ್ಲ.

ಹಗ್ಗ ನೈಲಾನಿನದೇ ಆಗಿರಬೇಕು, ಹೊಸೆದದ್ದಲ್ಲ, ಹೆಣೆದದ್ದು. ಹೊಸೆದ ಹಗ್ಗ ಎಳೆದಾಗ ಬಿಚ್ಚಿಕೊಳ್ಳಲು ನೋಡುತ್ತದೆ, ಬಿಟ್ಟಾಗ ಮುರಿ ಬೀಳುತ್ತದೆ. ಬಟ್ಟೆ ಒಣಹಾಕುವ ಹಸಿರು, ನೀಲಿ ಪ್ಲಾಸ್ಟಿಕ್ ಹಗ್ಗಗಳು ಬುಷ್‌ನಲ್ಲಿ ಉಜ್ಜಿದ ಬಿಸಿಗೇ ಕರಗುತ್ತವೆ, ಗಂಟು ಹಾಕಿದರೂ ನಿಲ್ಲುವುದಿಲ್ಲ. ಹತ್ತಿ ಹಗ್ಗ ಎಣ್ಣೆ, ಬೆವರು, ಮಳೆ ಎಲ್ಲವನ್ನೂ ಕುಡಿದು ಒಳಗಿಂದೊಳಗೇ ಕೊಳೆಯುತ್ತದೆ. ಒಂದು ಕಾಲಕ್ಕೆ ಹತ್ತಿ ಮಿಲ್ಲುಗಳಿಂದಲೇ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ದಾವಣಗೆರೆಯಲ್ಲಿ ಕೂತು ಹತ್ತಿ ಬೇಡ ಅನ್ನಬೇಕಾಗಿದೆ, ಏನು ಮಾಡುವುದು.

ಹರಿದ ಹಗ್ಗಕ್ಕೆ ನಡುವೆ ಗಂಟು ಹಾಕಿ ಓಡಿಸುವವರಿದ್ದಾರೆ. ಆ ಗಂಟು ಬುಷ್ ದಾಟುವುದಿಲ್ಲ, ದಾಟಿದರೂ ಪುಲ್ಲಿಯಲ್ಲಿ ಉಬ್ಬಿ ನಿಲ್ಲುತ್ತದೆ. ಕವರನ್ನೇ ತೆಗೆದು ಫ್ಲೈವೀಲಿಗೆ ಹಗ್ಗ ಸುತ್ತಿ ಎಳೆಯುವುದಂತೂ ಬೆರಳು ಬೇಡವಾದವರ ಕೆಲಸ. ಇಂಜಿನ್ ಹತ್ತಿದ ಕೂಡಲೇ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಚಕ್ರ ಅದು, ಹಗ್ಗ ಬಿಡಿಸಿಕೊಳ್ಳಲು ಕೈಗೆ ಪುರುಸೊತ್ತು ಕೊಡುವುದಿಲ್ಲ.

ಕೆಲಸಕ್ಕೆ ಕೂರುವ ಮುಂಚೆ ಮಿಷಿನ್ ಪೂರ್ತಿ ಆರಿರಲಿ. ಸ್ವಿಚ್ ಆಫ್, ಪ್ಲಗ್ಗಿನ ಕ್ಯಾಪ್ ಕಿತ್ತಿಡಿ, ಚೈನ್ ಓಡುವ ಬಾರಿಗೆ ಕವಚ ಹಾಕಿ. ಪೆಟ್ರೋಲ್ ಕ್ಯಾನ್ ದೂರ ಇಡಿ, ಯಾಕೆಂದರೆ ಮುಂದೆ ಬೆಂಕಿಕಡ್ಡಿಯ ಕೆಲಸ ಇದೆ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಸ್ಟಾರ್ಟರ್ ಕವರ್ ಇರುವುದು ಮಿಷಿನ್ನಿನ ಎಡಮಗ್ಗುಲಲ್ಲಿ, ಸಾಮಾನ್ಯವಾಗಿ ನಾಲ್ಕು ಸ್ಕ್ರೂ. ಸ್ಟಿಲ್ ಮಿಷಿನ್ನುಗಳಿಗೆ ನಕ್ಷತ್ರ ಮುಖದ ಟಿ-27 ಕೀ, ಪೇಟೆಯಲ್ಲಿ ಸಿಗುವ 52, 58 ಸಿಸಿಯ ಚೀನಾ ಮಿಷಿನ್ನುಗಳಿಗೆ ಬಹುಪಾಲು 4 ಎಂಎಂ ಅಲೆನ್ ಕೀ. ಸರಿಯಾದ ಕೀ ಇಲ್ಲದೆ ಇಕ್ಕಳದಲ್ಲಿ ತಿರುವಿದರೆ ಸ್ಕ್ರೂ ತಲೆ ಸವೆದು, ಹತ್ತು ನಿಮಿಷದ ಕೆಲಸ ಇಡೀ ದಿನದ್ದಾಗುತ್ತದೆ.

ಕವರ್ ಬಿಚ್ಚಿದ ಮೇಲೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಹಗ್ಗ ಯಾವ ದಿಕ್ಕಿಗೆ ಸುತ್ತಿತ್ತು, ಪುಲ್ಲಿ ಹಿಡಿದಿರುವ ಕ್ಲಿಪ್ ಯಾವ ಕಡೆ ಮುಖ ಮಾಡಿತ್ತು ಅನ್ನುವ ಜಗಳ ಆಮೇಲೆ ಬರುವುದಿಲ್ಲ.

ಹಗ್ಗ ಹರಿದಿದ್ದರೆ ಸ್ಪ್ರಿಂಗ್ ಆಗಲೇ ತನ್ನ ಬಿಗಿ ಕಳೆದುಕೊಂಡಿರುತ್ತದೆ. ಹರಿಯುವ ಮುಂಚೆಯೇ ಬದಲಿಸುತ್ತಿದ್ದರೆ ಮಾತ್ರ ಎಚ್ಚರ ಬೇಕು: ಒಂದು ಗೇಣು ಹಗ್ಗ ಎಳೆದು, ಹೆಬ್ಬೆರಳಿನಿಂದ ಪುಲ್ಲಿಯನ್ನು ಒತ್ತಿ ಹಿಡಿದು, ಪುಲ್ಲಿಯ ಅಂಚಿನ ಕಚ್ಚಿನಲ್ಲಿ ಹಗ್ಗವನ್ನು ಸಿಕ್ಕಿಸಿ, ಪುಲ್ಲಿಯನ್ನು ನಿಧಾನವಾಗಿ ಹಿಂದಕ್ಕೆ ತಿರುಗಲು ಬಿಡಿ. ಒಮ್ಮೆಲೇ ಬಿಟ್ಟರೆ ಸ್ಪ್ರಿಂಗ್ ಭರ್ರನೆ ಬಿಚ್ಚಿಕೊಂಡು ಒಳಕೊಂಡಿ ಮುರಿಯುತ್ತದೆ.

ಇಲ್ಲಿ ಎರಡು ದಾರಿಗಳಿವೆ. ಪುಲ್ಲಿಯ ಗಂಟಿನ ಗುಳಿ ಎದುರಿಗೇ ಕಾಣುತ್ತಿದ್ದು, ಸ್ಪ್ರಿಂಗ್ ಚೆನ್ನಾಗಿದ್ದರೆ, ಪುಲ್ಲಿ ಬಿಚ್ಚುವ ಅಗತ್ಯವೇ ಇಲ್ಲ. ಹಳೆ ಗಂಟು ಕಿತ್ತು ತೆಗೆದು, ಪುಲ್ಲಿಯನ್ನು ಎಳೆತದ ದಿಕ್ಕಿಗೆ ಕೈಯಲ್ಲೇ ತಿರುಗಿಸುತ್ತಾ ಹೋಗಿ. ಇನ್ನು ತಿರುಗುವುದಿಲ್ಲ ಅನ್ನುವ ಹಂತ ಬಂದಾಗ ನಿಲ್ಲಿಸಿ, ಸುಮಾರು ಒಂದು ಸುತ್ತು ಹಿಂದಕ್ಕೆ ಬಿಟ್ಟು, ಪುಲ್ಲಿಯ ತೂತು ಕವರಿನ ಬುಷ್‌ಗೆ ನೇರ ಬರುವಂತೆ ನಿಲ್ಲಿಸಿ. ಒಂದು ಮೊಳೆಯನ್ನೋ ಸಣ್ಣ ಸ್ಕ್ರೂಡ್ರೈವರನ್ನೋ ಅಡ್ಡ ಸಿಕ್ಕಿಸಿ ಪುಲ್ಲಿ ಜಾರದಂತೆ ಮಾಡಿ, ಹೊರಗಿನಿಂದ ಹಗ್ಗ ತೂರಿಸಿ ಗಂಟು ಹಾಕಿ, ಇನ್ನೊಂದು ತುದಿಗೆ ಹಿಡಿ ಕಟ್ಟಿ, ಮೊಳೆ ತೆಗೆದು ನಿಧಾನಕ್ಕೆ ಬಿಟ್ಟರೆ ಹಗ್ಗ ತಾನೇ ಸುತ್ತಿಕೊಳ್ಳುತ್ತದೆ. ಕೆಲಸ ಮುಗಿಯಿತು.

ಆದರೂ ಮಿಷಿನ್ ಹಳೆಯದಾಗಿದ್ದರೆ ಪುಲ್ಲಿ ಬಿಚ್ಚುವುದೇ ಒಳ್ಳೆಯದು. ಒಳಗೆ ಏನಿದೆ ಅಂತ ನೋಡಿದಂತೆ ಆಗುತ್ತದೆ, ಮತ್ತು ಅಲ್ಲಿ ನೋಡಲು ತುಂಬಾ ಇರುತ್ತದೆ.

ನಡುವಿನ ಸ್ಕ್ರೂ ಅಥವಾ ಕ್ಲಿಪ್ ತೆಗೆದ ಮೇಲೆ ಪುಲ್ಲಿಯನ್ನು ಒಂದೇ ಏಟಿಗೆ ಎತ್ತಬೇಡಿ. ಅದರ ಅಡಿಯಲ್ಲಿ ಸುರುಳಿ ಸುತ್ತಿ ಕೂತಿರುವ ಉಕ್ಕಿನ ಪಟ್ಟಿ, ಪುಲ್ಲಿಗೆ ಅಂಟಿಕೊಂಡು ಮೇಲೆ ಬಂದರೆ ಎಗರುತ್ತದೆ. ಅದರ ಅಂಚು ಬ್ಲೇಡಿನಷ್ಟು ಹರಿತ. ಕವರನ್ನು ಹಳೆ ಗೋಣಿಚೀಲದ ಒಳಗೆ ಹಿಡಿದು, ಪುಲ್ಲಿಯನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ಆಡಿಸಿ, ಸ್ಪ್ರಿಂಗಿನ ಕೊಂಡಿ ಬಿಟ್ಟದ್ದು ಕೈಗೆ ಗೊತ್ತಾದ ಮೇಲೆ ನೇರಕ್ಕೆ ಎತ್ತಿ. ಎಗರಿದರೂ ಚೀಲದೊಳಗೇ ಎಗರುತ್ತದೆ. ಹೊಸ ಸ್ಪ್ರಿಂಗುಗಳು ಹೆಚ್ಚಾಗಿ ಡಬ್ಬಿಯಲ್ಲೋ ತಂತಿಯ ಬಳೆಯಲ್ಲೋ ಕೂತು ಬರುವುದರಿಂದ ಹಾಕಲು ಸಲೀಸು. ಹಳೆಯದು ಬಿಚ್ಚಿಕೊಂಡುಬಿಟ್ಟರೆ ಕೈಗವಸು ಹಾಕಿ, ಹೊರಗಿನ ಕೊಂಡಿಯನ್ನು ಕವರಿನ ಕಂಡಿಗೆ ಸಿಕ್ಕಿಸಿ, ಹೊರಗಿನಿಂದ ಒಳಕ್ಕೆ ಒಂದೊಂದೇ ಸುತ್ತು ಕೂರಿಸುತ್ತಾ ಬರಬೇಕು. ಹೆಬ್ಬೆರಳು ಎತ್ತಿದ ಕ್ಷಣ ಎಲ್ಲ ಮೊದಲಿನಿಂದ.

ಸ್ಪ್ರಿಂಗಿನ ಒಳಕೊಂಡಿ ಮುರಿದಿದ್ದರೆ ತುದಿಯನ್ನು ಕೆಂಪಗೆ ಕಾಯಿಸಿ ಮತ್ತೆ ಬಾಗಿಸಿ ಹಾಕಿಕೊಡುವವರಿದ್ದಾರೆ. ಕಾಯಿಸಿದ ಜಾಗದಲ್ಲಿ ಉಕ್ಕಿನ ಹದ ಹೋಗಿರುತ್ತದೆ. ಕಾದ ಭಾಗ ಮತ್ತು ಕಾಯದ ಭಾಗ ಸೇರುವಲ್ಲಿ ಅದು ಮತ್ತೆ ಮುರಿಯುತ್ತದೆ. ಹೊಸದು ಹಾಕಿ.

ಒಳಗಿನ ಮಸಿಯನ್ನೆಲ್ಲ ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಚೈನ್ ಎಣ್ಣೆ, ಹೊಟ್ಟು, ಧೂಳು ಸೇರಿ ಅಲ್ಲೊಂದು ಕಪ್ಪು ಅಂಟು ಆಗಿರುತ್ತದೆ. ಅದು ಹಗ್ಗಕ್ಕೆ ಉಪ್ಪುಕಾಗದದ ಕೆಲಸ ಮಾಡುತ್ತದೆ. ಆಮೇಲೆ ಸ್ಪ್ರಿಂಗಿಗೆ ತೆಳು ಎಣ್ಣೆ ಎರಡೇ ಹನಿ, ನಡುವಿನ ಗೂಟಕ್ಕೆ ಒಂದು ಹನಿ. ಇಲ್ಲಿ ಗ್ರೀಸ್ ತುಂಬುವವರು ಬಹಳ. ಗ್ರೀಸು ಹೊಟ್ಟನ್ನು ಹಿಡಿದಿಟ್ಟುಕೊಂಡು, ಚಳಿಗಾಲದ ಬೆಳಿಗ್ಗೆ ಗಟ್ಟಿಯಾಗಿ, ಹಗ್ಗ ವಾಪಸ್ ಹೋಗಲು ಬೇಸರಪಡುವಂತೆ ಮಾಡುತ್ತದೆ. ಕವರ್ ತೆರೆದಿರುವಾಗಲೇ ಜಾಲರಿ, ಫ್ಲೈವೀಲಿನ ರೆಕ್ಕೆ, ಸಿಲಿಂಡರಿನ ಪಟ್ಟಿಗಳ ಸಂದು ಎಲ್ಲ ಸ್ವಚ್ಛ ಮಾಡಿಬಿಡಿ. ಇಂಜಿನ್ ತಣ್ಣಗಾಗಲು ಗಾಳಿ ಬರುವುದು ಈ ಕವರಿನ ಮೂಲಕವೇ. ತೆಂಗಿನ ನಾರು ಕಟ್ಟಿಕೊಂಡ ಜಾಲರಿಯಲ್ಲಿ ಏಪ್ರಿಲ್ ಬಿಸಿಲಿಗೆ ಕೆಲಸ ಮಾಡಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಆಗಿನ ಖರ್ಚಿಗೆ ಹಗ್ಗದ ಸುರುಳಿಯನ್ನೇ ಕೊಳ್ಳಬಹುದು.

ಬಹಳಷ್ಟು ಮಿಷಿನ್ನುಗಳಲ್ಲಿ ಫ್ಲೈವೀಲಿನ ಮೇಲೆ ಪಾಲ್ ಅನ್ನುವ ಪುಟ್ಟ ಕೊಂಡಿಗಳಿರುತ್ತವೆ, ಒಂದೋ ಎರಡೋ. ಹಗ್ಗ ಎಳೆದಾಗ ಇವು ಪುಲ್ಲಿಯ ಹಲ್ಲಿಗೆ ಕಚ್ಚಿ ಇಂಜಿನ್ ತಿರುಗಿಸುತ್ತವೆ, ಇಂಜಿನ್ ಹತ್ತಿದ ಮೇಲೆ ತಿರುಗುವ ವೇಗಕ್ಕೆ ಹೊರಕ್ಕೆ ಸಿಡಿದು ಬಿಡಿಸಿಕೊಳ್ಳುತ್ತವೆ. ಬೆರಳಿನಿಂದ ಹೊರಕ್ಕೆ ತಳ್ಳಿ ಬಿಡಿ, ಟಕ್ಕನೆ ಒಳಕ್ಕೆ ಬರಬೇಕು. ಸೋಮಾರಿತನ ತೋರಿಸಿದರೆ ಅಡಿಯ ಎಳೆಸ್ಪ್ರಿಂಗ್ ಸತ್ತಿದೆ ಅಥವಾ ಕೊಳೆ ಕಟ್ಟಿದೆ. ಹಗ್ಗ ಹಗುರವಾಗಿ ಬಂದು ಇಂಜಿನ್ ಮಾತ್ರ ತಿರುಗದೇ ಇರುವುದು ಇದರಿಂದಲೇ. ಪುಲ್ಲಿಯ ನಡುವಿನ ಹಲ್ಲು ಸವೆದು ಉರುಟಾಗಿದ್ದರೂ ಅದೇ ಕಥೆ. ಆಗ ಕೊಂಡಿ ಒಮ್ಮೆ ಕಚ್ಚಿ ಒಮ್ಮೆ ಜಾರಿ, ಹಗ್ಗಕ್ಕೆ ಬಿಟ್ಟು ಬಿಟ್ಟು ಜಗ್ಗು ಬೀಳುತ್ತದೆ.

ಹೊಸ ಹಗ್ಗದ ಎರಡೂ ತುದಿಯನ್ನು ಬೆಂಕಿಗೆ ಹಿಡಿದು ಕರಗಿಸಿ, ಇಲ್ಲದಿದ್ದರೆ ಹೆಣಿಗೆ ಬಿಚ್ಚಿಕೊಂಡು ತೂತಿಗೆ ಹೋಗುವುದಿಲ್ಲ. ಕರಗಿದ ತುದಿಯನ್ನು ಒದ್ದೆ ಬಟ್ಟೆಯಲ್ಲಿ ಹೊಸೆದು ಮೊನೆ ಮಾಡಿ. ಬರಿಗೈಯಲ್ಲಿ ಮಾಡಲು ಹೋಗಬೇಡಿ, ಕರಗಿದ ನೈಲಾನ್ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ. ಪುಲ್ಲಿ ಕಡೆಗೆ ಗುಳಿಯಲ್ಲಿ ಪೂರ್ತಿ ಕೂರುವ ಒಂಟಿ ಗಂಟು ಸಾಕು, ಅರ್ಧ ಸೆಂಟಿಮೀಟರ್ ಬಾಲ ಬಿಟ್ಟು ತುದಿ ಸುಡಿ. ಇಕ್ಕಳದಲ್ಲಿ ಹಿಡಿದು ಗಂಟನ್ನು ಬಿಗಿಯಾಗಿ ಎಳೆದು, ಗುಳಿಯ ಮಟ್ಟಕ್ಕಿಂತ ಮೇಲೆ ಉಬ್ಬಿಲ್ಲ ಅಂತ ಬೆರಳಾಡಿಸಿ ನೋಡಿ. ಹಿಡಿಯ ಕಡೆ ಜಾಗ ಜಾಸ್ತಿ ಇರುವುದರಿಂದ ಎಂಟರ ಆಕಾರದ ಗಂಟು ಹಾಕಬಹುದು. ಕೆಲವು ಮಿಷಿನ್ನುಗಳ ಹಿಡಿಯೊಳಗೆ ಎಳೆತದ ಪೆಟ್ಟು ತಡೆಯುವ ರಬ್ಬರೋ ಸ್ಪ್ರಿಂಗೋ ಇರುತ್ತದೆ, ಅದರ ಹಗ್ಗದ ದಾರಿಯನ್ನು ಬಿಚ್ಚುವ ಮುಂಚೆಯೇ ನೋಡಿಟ್ಟುಕೊಳ್ಳಿ.

ಇನ್ನು ಬಿಗಿ ಕೊಡುವ ಲೆಕ್ಕ. ಇದೊಂದು ವಿಷಯದಲ್ಲಿ ಇಬ್ಬರು ಮೆಕ್ಯಾನಿಕ್ಕುಗಳು ಒಂದೇ ಮಾತು ಹೇಳುವುದಿಲ್ಲ. ಒಬ್ಬರು "ಎರಡು ಸುತ್ತು ಕೊಡಿ ಸಾಕು" ಅನ್ನುತ್ತಾರೆ, ಇನ್ನೊಬ್ಬರು "ಆರು ಸುತ್ತು ಕೊಡದೆ ಹಿಡಿ ಒಳಗೆ ಹೋಗಲ್ಲ" ಅನ್ನುತ್ತಾರೆ. ಇಬ್ಬರ ಮಾತೂ ನಿಜ, ಎಣಿಸುವ ಜಾಗ ಬೇರೆ. ಬುಗುರಿಗೆ ಚಾಟಿ ಸುತ್ತಿದಂತೆ ಹಗ್ಗವನ್ನು ಮೊದಲೇ ಪುಲ್ಲಿಗೆ ಪೂರ್ತಿ ಸುತ್ತಿಟ್ಟುಕೊಂಡು, ಆಮೇಲೆ ಸ್ಪ್ರಿಂಗಿಗೆ ಬಿಗಿ ಕೊಡುವವರಿಗೆ ಒಂದೂವರೆ ಎರಡು ಸುತ್ತು ಸಾಕಾಗುತ್ತದೆ. ಹಗ್ಗವನ್ನೆಲ್ಲ ಕವರಿನ ಹೊರಗೆ ಎಳೆದಿಟ್ಟು, ಖಾಲಿ ಪುಲ್ಲಿಯನ್ನು ತಿರುಗಿಸಿ ಬಿಗಿ ಕೊಡುವವರು ಆರರ ಹತ್ತಿರ ಹೋಗಬೇಕು. ಯಾಕೆ ಅಂತ ನೋಡಿ: ಪುಲ್ಲಿಯಲ್ಲಿ ಹಗ್ಗ ಕೂರುವ ಜಾಗದ ಅಡ್ಡಳತೆ ಐದೂವರೆ ಸೆಂಟಿಮೀಟರ್ ಅಂದುಕೊಂಡರೆ ಒಂದು ಸುತ್ತಿಗೆ ಸುಮಾರು 17 ಸೆಂಟಿಮೀಟರ್ ಹಗ್ಗ ಬೇಕು. 90 ಸೆಂಟಿಮೀಟರ್ ಹಗ್ಗದಲ್ಲಿ ಗಂಟು, ಹಿಡಿ, ಬುಷ್‌ಗೆ 10 ಕಳೆದರೆ ಉಳಿದ 80ಕ್ಕೆ ನಾಲ್ಕೂವರೆ ಸುತ್ತಿನಷ್ಟು. ಆರು ಸುತ್ತು ಬಿಗಿ ಕೊಟ್ಟದ್ದರಲ್ಲಿ ಈ ನಾಲ್ಕೂವರೆ ಹಗ್ಗ ಒಳಗೆಳೆದುಕೊಳ್ಳಲು ಖರ್ಚಾಗಿ, ಕೊನೆಗೆ ಹಿಡಿಯನ್ನು ಬುಷ್‌ಗೆ ಒತ್ತಿಡಲು ಒಂದೂವರೆ ಉಳಿಯುತ್ತದೆ. ಎರಡೂ ಲೆಕ್ಕ ಒಂದೇ ಕಡೆ ಬಂದು ನಿಂತಿತು.

ಎರಡನೆಯ ವಿಧಾನ ಮಾಡುವ ರೀತಿ ಹೀಗೆ. ಹಗ್ಗ ಪೂರ್ತಿ ಹೊರಗಿದ್ದಾಗ, ಪುಲ್ಲಿ ಮತ್ತು ಬುಷ್‌ನ ನಡುವೆ ಕವರಿನ ಒಳಗಡೆ ಹಗ್ಗದ ಒಂದು ಸಣ್ಣ ಕುಣಿಕೆ ಎಬ್ಬಿಸಿ, ಪುಲ್ಲಿ ಅಂಚಿನ ಕಚ್ಚಿಗೆ ಸಿಕ್ಕಿಸಿ, ಆ ಕುಣಿಕೆ ಹಿಡಿದೇ ಪುಲ್ಲಿಯನ್ನು ಎಳೆತದ ದಿಕ್ಕಿಗೆ ತಿರುಗಿಸಿ. ಸುತ್ತು ಮುಗಿದ ಮೇಲೆ ಪುಲ್ಲಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಕುಣಿಕೆ ಬಿಡಿಸಿ, ಹಗ್ಗವನ್ನು ಹೊರಗೆಳೆದು ಅದಕ್ಕೆ ಬಿದ್ದ ಮುರಿಯನ್ನೆಲ್ಲ ನೇರ ಮಾಡಿ. ಈ ಮುರಿ ಬಿಡಿಸುವ ಕೆಲಸವನ್ನು ಹತ್ತಕ್ಕೆ ಒಂಬತ್ತು ಜನ ಮರೆಯುತ್ತಾರೆ. ಮುರಿ ಬಿದ್ದ ಹಗ್ಗ ಪುಲ್ಲಿಯಲ್ಲಿ ಸುತ್ತು ಮೇಲೆ ಸುತ್ತು ಹತ್ತಿ ಕೂತು ಒಂದು ಕಡೆಯೇ ಸವೆಯುತ್ತದೆ. ಆಮೇಲೆ ಹಿಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಧಾನಕ್ಕೆ ಒಳಗೆ ಬಿಡಿ.

ಸುತ್ತಿನ ಸಂಖ್ಯೆಗಿಂತ ನಂಬಬೇಕಾದ್ದು ಎರಡು ಪರೀಕ್ಷೆಗಳನ್ನು. ಹಿಡಿ ಬುಷ್‌ಗೆ ನೆಟ್ಟಗೆ ಒತ್ತಿ ಕೂರಬೇಕು, ಒಂದು ಕಡೆ ವಾಲಿದರೆ ಇನ್ನೊಂದು ಸುತ್ತು ಕೊಡಿ. ಹಾಗೇ, ಹಗ್ಗವನ್ನು ಪೂರ್ತಿ ಎಳೆದು ಹಿಡಿದಾಗ ಪುಲ್ಲಿಯನ್ನು ಕೈಯಲ್ಲಿ ಇನ್ನೂ ಅರ್ಧ ಸುತ್ತಾದರೂ ತಿರುಗಿಸಲು ಬರಬೇಕು. ಬರದಿದ್ದರೆ ಸ್ಪ್ರಿಂಗ್ ತನ್ನ ಕೊನೆ ಮುಟ್ಟಿದೆ ಅಂತ ಅರ್ಥ, ಪ್ರತಿ ಎಳೆತದ ಪೆಟ್ಟೂ ಹಗ್ಗದ ಬದಲು ಸ್ಪ್ರಿಂಗಿನ ಮೇಲೆ ಬೀಳುತ್ತದೆ. ಒಂದು ಸುತ್ತು ಕಡಿಮೆ ಮಾಡಿ. ಎರಡೂ ಪರೀಕ್ಷೆ ಒಟ್ಟಿಗೆ ಪಾಸಾಗುತ್ತಲೇ ಇಲ್ಲ ಅಂದರೆ ಹಗ್ಗ ಉದ್ದವಾಗಿದೆ, ಇಲ್ಲವೇ ಸ್ಪ್ರಿಂಗ್ ಸೋತಿದೆ.

ಕವರನ್ನು ವಾಪಸ್ ಕೂರಿಸುವಾಗ ಹಿಡಿಯನ್ನು ನಾಲ್ಕು ಬೆರಳಷ್ಟು ಎಳೆದು ಹಿಡಿದು ಮಿಷಿನ್ನಿಗೆ ಒತ್ತಿ, ಮೆಲ್ಲಗೆ ಬಿಡಿ. ಪುಲ್ಲಿ ತಿರುಗುತ್ತಾ ಹಲ್ಲಿಗೆ ಕೊಂಡಿ ಕೂರುತ್ತದೆ, ಕವರ್ ಸಂದಿಲ್ಲದೆ ಅಂಟುತ್ತದೆ. ಸಂದು ಉಳಿದಿದ್ದರೂ ಸ್ಕ್ರೂ ಬಿಗಿದು ಎಳೆದು ಕೂರಿಸಲು ಹೋದರೆ ಪಾಲ್ ಮುರಿಯುತ್ತದೆ, ಇಲ್ಲವೇ ಕವರ್ ಸೀಳುತ್ತದೆ. ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಅಂತ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಸ್ಕ್ರೂ ಕಚ್ಚುವ ಅಡಿಯ ತಿರುಪು ಹಗುರ ಲೋಹದ್ದು.

ಚೀನಾ ಮಿಷಿನ್ನುಗಳಲ್ಲಿ ಈಸಿ ಸ್ಟಾರ್ಟ್ ಅಂತ ಬರೆದಿರುವ ಕೆಲವಕ್ಕೆ ಪುಲ್ಲಿಗೂ ಹಲ್ಲಿಗೂ ನಡುವೆ ಇನ್ನೊಂದು ಸ್ಪ್ರಿಂಗ್ ಇರುತ್ತದೆ. ಎಳೆದಾಗ ಮೊದಲು ಅದು ಬಿಗಿಯಾಗಿ ಆಮೇಲೆ ಇಂಜಿನ್ನನ್ನು ತಿರುಗಿಸುತ್ತದೆ. ಹಗ್ಗ ಮೆತ್ತಗೆ, ಜೋಲು ಜೋಲಾಗಿ ಬಂದಂತೆ ಅನಿಸುತ್ತದೆ. ಅದು ಕೆಟ್ಟದ್ದಲ್ಲ, ಅದರ ಗುಣವೇ ಅದು. ಕೆಟ್ಟಿದೆ ಅಂದುಕೊಂಡು ಆ ಸ್ಪ್ರಿಂಗನ್ನು ಕಿತ್ತುಹಾಕಬೇಡಿ.

ಮತ್ತೆ ಕಾರಣಕ್ಕೆ ಬಂದರೆ, ಬಹಳ ಸಲ ಹಗ್ಗವನ್ನು ಕೊಲ್ಲುವುದು ಕಾರ್ಬೊರೇಟರ್. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟ ಪೆಟ್ರೋಲ್ ಅಂಟಾಗುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುವುದರಿಂದ ಅದು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಅಡಿಕೆ ಕೊಯ್ಲು ಮುಗಿದ ಮೇಲೆ ಮಿಷಿನ್ನನ್ನು ಮೂಲೆಗಿಡುವವರು ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಬೇಕು. ಎಣ್ಣೆ ಬೆರೆಸುವ ಪ್ರಮಾಣವೂ ಅಂದಾಜಿನದಾಗಬಾರದು. 50ಕ್ಕೆ 1 ಅಂದರೆ ಲೀಟರಿಗೆ 20 ಎಂಎಲ್, 25ಕ್ಕೆ 1 ಅಂದರೆ 40 ಎಂಎಲ್, ನಿಮ್ಮ ಮಿಷಿನ್ನಿನ ಪುಸ್ತಕ ಯಾವುದು ಹೇಳುತ್ತದೋ ಅದು. "ಇರಲಿ ಬಿಡು" ಅಂತ ಎಣ್ಣೆ ಜಾಸ್ತಿ ಸುರಿದರೆ ಪ್ಲಗ್ ಮಸಿಯಾಗಿ ಮತ್ತೆ ಎಳೆಯುವುದೇ ಕೆಲಸ. ಚೋಕ್ ಎಳೆದೇ ಇಟ್ಟು ಒಂದೇ ಸಮ ಎಳೆದರೆ ಇಂಜಿನ್ನಿಗೆ ಪೆಟ್ರೋಲ್ ಜಾಸ್ತಿಯಾಗಿ ಹತ್ತುವುದೇ ಇಲ್ಲ. ಆಗ ಪ್ಲಗ್ ಬಿಚ್ಚಿ ಒರೆಸಿ, ಪ್ಲಗ್ ಇಲ್ಲದೆಯೇ ನಾಲ್ಕೈದು ಸಲ ಎಳೆದು ಸಿಲಿಂಡರ್ ಒಣಗಿಸಿ. ಎಳೆದಾಗ ಹಗ್ಗವೇ ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಹೊಡೆಯುತ್ತಿದ್ದರೆ ಅದು ಬೇರೆ ರೋಗ. ಫ್ಲೈವೀಲನ್ನು ಶಾಫ್ಟಿನ ಮೇಲೆ ಜಾರದಂತೆ ಹಿಡಿಯುವ ಪುಟ್ಟ ತುಣುಕು, ಅಂದರೆ ಫ್ಲೈವೀಲಿನ ಕೀ, ತುಂಡಾಗಿ ಕಿಡಿಯ ಸಮಯ ತಪ್ಪಿರಬಹುದು. ಹಗ್ಗಕ್ಕೂ ಕೆಟ್ಟದ್ದು, ಬೆರಳಿಗೂ.

ಎಳೆಯುವ ರೀತಿಯನ್ನು ಹೇಳದಿದ್ದರೆ ಇಷ್ಟೆಲ್ಲ ದಂಡ. ಮಿಷಿನ್ ನೆಲದ ಮೇಲಿರಲಿ, ಚೈನ್ ಬ್ರೇಕ್ ಹಾಕಿರಲಿ, ಬಲಗಾಲಿನ ತುದಿ ಹಿಂದಿನ ಹಿಡಿಯೊಳಗೆ, ಎಡಗೈ ಮುಂದಿನ ಹಿಡಿಯ ಮೇಲೆ. ಮೊದಲು ಹಗ್ಗವನ್ನು ನಿಧಾನಕ್ಕೆ ಎಳೆಯಿರಿ, ಪಾಲ್ ಕಚ್ಚಿ ಪಿಸ್ಟನ್ ಅಡ್ಡ ನಿಂತದ್ದು ಕೈಗೆ ಗೊತ್ತಾಗುತ್ತದೆ. ಅಲ್ಲಿಂದ ನೇರವಾಗಿ, ಚುರುಕಾಗಿ ಮೇಲಕ್ಕೆ. ಸಡಿಲ ಹಗ್ಗದಿಂದಲೇ ಜಗ್ಗುವವರ ಹಗ್ಗಕ್ಕೆ ಪ್ರತಿ ಸಲ ಒಂದು ಹೊಡೆತ. ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಬೇಡಿ. ಹಿಡಿಯನ್ನು ಫಟ್ಟಂತ ಬಿಡಬೇಡಿ. ಮಿಷಿನ್ನನ್ನು ಗಾಳಿಯಲ್ಲಿ ಕೆಳಕ್ಕೆ ತಳ್ಳುತ್ತಾ ಎಳೆಯುವ ಶೋಕಿ ಬೇಡ. ಹಾಗೆ ಎಳೆದಾಗ ಹಗ್ಗ ಬುಷ್‌ಗೆ ನೇರ ಇರುವುದಿಲ್ಲ, ಚೈನು ತೊಡೆಯಿಂದ ದೂರವೂ ಇರುವುದಿಲ್ಲ. ಜಾಲಿ ಮೆಳೆಯಲ್ಲಿ ನಿಲ್ಲಲು ಜಾಗ ಇಲ್ಲದಿದ್ದರೆ ಹೊರಗೆ ಬಂದು ಸ್ಟಾರ್ಟ್ ಮಾಡಿ, ಬ್ರೇಕ್ ಹಾಕಿಕೊಂಡೇ ಒಳಗೆ ಹೋಗಿ.

ಹೊಸ ಹಗ್ಗದ ಗಂಟುಗಳು ಮೊದಲ ದಿನದ ಎಳೆತಕ್ಕೆ ಇನ್ನಷ್ಟು ಬಿಗಿದು, ಹಗ್ಗ ಒಂದು ಬೆರಳಷ್ಟು ಉದ್ದ ಬಂದಂತೆ ಆಗುತ್ತದೆ. ಸಂಜೆ ಕೆಲಸ ಬಿಟ್ಟ ಮೇಲೆ ಹಿಡಿ ಬುಷ್‌ಗೆ ಒತ್ತಿ ಕೂತಿದೆಯಾ ನೋಡಿ, ನಾಲ್ಕೂ ಸ್ಕ್ರೂಗೆ ಇನ್ನೊಮ್ಮೆ ಕೀ ಹಾಕಿ. ತುದಿ ಸುಟ್ಟು ತಯಾರಾದ ಒಂದು ಹಗ್ಗದ ತುಂಡು, ಒಂದು ಕೀ, ಒಂದು ಬೆಂಕಿಪೊಟ್ಟಣ ಚೈನ್ ಉಜ್ಜುವ ಅರದ ಜೊತೆಗೇ ಚೀಲದಲ್ಲಿರಲಿ.